ಏಳನೆಯ ಪ್ರತಿ

ಬನಶಂಕರಿ ಎರಡನೆಯ ಹಂತ,
ಬೆಂಗಳೂರು.
೨೩ ಆಗಸ್ಟ್ ೧೯೭೯, ಗುರುವಾರ, ಬೆಳಗ್ಗೆ.

ಮುನಿಲಕ್ಷ್ಮಿಗೆ,

ನಲವತ್ತೊಂದು ವರ್ಷಗಳ ದಾಂಪತ್ಯದಲ್ಲಿ ನಿನಗೆ ಬರೆದ ಪ್ರತಿಯೊಂದು ಕಾಗದವನ್ನೂ ‘ಆಶೀರ್ವಾದಗಳು’ ಎಂಬ ಮಾತಿನಿಂದಲೇ ಆರಂಭಿಸಿದ್ದೇನೆ. ಇಂದು ಆ ಮಾತು ಲೇಖನಿಯಿಂದ ಇಳಿಯಲಿಲ್ಲ. ಆಶೀರ್ವದಿಸುವಷ್ಟು ಎತ್ತರದಲ್ಲಿ ನಾನು ನಿಂತಿಲ್ಲ. ಕ್ಷೇಮವೇ ಎಂದಷ್ಟೇ ಕೇಳುತ್ತೇನೆ.

ನಿನ್ನ ತವರು ತಲಘಟ್ಟಪುರದಿಂದ ನೀನು ಬರೆದ ಕಾಗದ ಹೋದ ಗುರುವಾರ ಮಧ್ಯಾಹ್ನವೇ ಕೈಸೇರಿತು. ಅದನ್ನು ಓದುವಾಗ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಮೇಜಿನ ಮೇಲೆ ಹರಡಿ, ಬಾಗಿ ಓದಿದೆ. ಅದರ ಮೇಲೆ ಒಂದು ಗೀಟನ್ನೂ ಎಳೆದಿಲ್ಲ. ನಿನ್ನ ಮಾತುಗಳನ್ನು ನೀನು ಬರೆದಂತೆಯೇ ಇಲ್ಲಿ ಇಳಿಸುತ್ತೇನೆ: “ಬುದವಾರ ಬೈರಣ್ಣ ನನ್ನ ದಾವಣಗೆರೆಗೆ ಕರಕೊಂಡು ಹೋಗ್ತಾನೆ. ಅವನ ಮಗಳು ನಾರಾಯಣಮ್ಮನ ಅವಳಿ ಮಕ್ಕಳ ನೋಡ್ಕೊಂಡು ಇನ್ನು ಅಲ್ಲೇ ಇದ್ದುಬಿಡ್ತೀನಿ. ಅಷ್ಟರಾಗೆ ನೀವು ಬಾ ಅಂತ ಒಂದು ಗೆರೆ ಬರದ್ರೆ ಮನೆಗೆ ಬರ್ತೀನಿ. ಬರದಂಗೇ ಕಳ್ಸಿ. ತಿದ್ದಬೇಡಿ.”

ಬುಧವಾರ ನಿನ್ನೆಯೇ ಕಳೆದುಹೋಯಿತು. ಇದರ ನಡುವೆ ನನಗೆ ಜ್ವರ ಬಂದಿತ್ತು. ನಾಲ್ಕು ದಿನ ಹಾಸಿಗೆ ಬಿಟ್ಟೇಳಲಾಗಲಿಲ್ಲ. ನಿನ್ನೆ ಹೇಗೋ ಎದ್ದು, ಕಾಗದವನ್ನು ಕೈಯಾರೆ ಕೊಟ್ಟುಬಿಡೋಣವೆಂದು ಬನಶಂಕರಿ ಗುಡಿಯ ಬಳಿಯ ನಿಲ್ದಾಣದವರೆಗೂ ಬಂದೆ. ಬಸ್ಸಿನಲ್ಲಿ ಕಾಲಿಡಲು ಎಡೆಯಿರಲಿಲ್ಲ; ಹಿಂದಿರುಗಿದೆ. ನಿನ್ನ ತಮ್ಮ ಬೈರಣ್ಣ ಯಾವ ಕೆಲಸವನ್ನೂ ಹೇಳಿದ ದಿನ ಮಾಡಿದವನಲ್ಲ. ಪ್ರಯಾಣವನ್ನು ಮುಂದೂಡಿರಬಹುದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕ್ಷಮಿಸೆಂದು ಕೇಳುವ ಮೊದಲು ಯಾವುದಕ್ಕೆಂಬುದನ್ನು ನಾನೇ ನುಡಿಯಬೇಕು. ಕಳೆದ ಕಾರ್ತಿಕದಲ್ಲಿ ನಿನ್ನ ಅವ್ವನವರು ಹಾಸಿಗೆ ಹಿಡಿದಾಗ ನಿನ್ನ ಮುರಿದ ಕಾಲಿಗೆ ಪುತ್ತೂರು ಕಟ್ಟು ಹಾಕಿತ್ತು. ಹೋಗಲಾರದೆ, ಐವತ್ತಾರನೆಯ ವಯಸ್ಸಿನಲ್ಲಿ ನನ್ನ ಬಳಿಯೇ ಸ್ಲೇಟು ಹಿಡಿದು ಕಲಿತ ಅಕ್ಷರಗಳಲ್ಲಿ ಅವ್ವನಿಗೆಂದು ನೀನು ಮೊದಲ ಕಾಗದ ಬರೆದೆ. ಅಂಚೆಗೆ ಹಾಕಿರೆಂದು ನನ್ನ ಕೈಗಿತ್ತೆ. ನಾನು ಕೆಂಪು ಶಾಯಿಯಲ್ಲಿ ತಿದ್ದಿ, ಶುದ್ಧಪ್ರತಿ ಮಾಡೆಂದು ಹಿಂದಿರುಗಿಸಿದೆ. ಹೀಗೆ ನಾಲ್ಕು ದಿನ, ನಾಲ್ಕು ಪ್ರತಿ. ಅವ್ವನಿಗೆ ಓದು ಬಾರದೆಂಬುದಾಗಲಿ, ಯಾರೋ ಪಕ್ಕದಲ್ಲಿ ಕುಳಿತು ಓದಿಹೇಳುವರೆಂಬುದಾಗಲಿ ನನಗೆ ತೋಚಲಿಲ್ಲ. ಕಾಗದ ತಲಪುವ ವೇಳೆಗೆ ಅವರು ತೀರಿಕೊಂಡು ಹಾಲುತುಪ್ಪವೂ ಮುಗಿದಿತ್ತು. ಅಂಗಳದಲ್ಲಿ ಅಷ್ಟು ಜನರ ನಡುವೆ ಬೈರಣ್ಣ ಆ ಕಾಗದವನ್ನು ನನ್ನ ಮುಂದೆ ಹಿಡಿದು, “ಅವ್ವ ಮೂರು ದಿನ ಬಾಗ್ಲು ಕಡೇನೇ ನೋಡ್ತಾ ಇದ್ಳು ಭಾವ. ಕಾಗದ ಮಾತ್ರ ಬೊಂಬಾಟಾಗೈತೆ, ಒಂದು ತಪ್ಪಿಲ್ಲ ನೋಡಿ” ಎಂದನು. ಕಾಲಿನ ಕಟ್ಟು ಬಿಚ್ಚಿದ ಮರುದಿನ ನೀನು ಪೆಟ್ಟಿಗೆ ಕಟ್ಟಿ ತವರಿಗೆ ಹೊರಟೆ.

ಮೂವತ್ತನಾಲ್ಕು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಇದು. ನಿವೃತ್ತಿ ನನಗೆ ಬಂತು, ಕೈಗೆ ಬರಲಿಲ್ಲ. ನೀನು ಹೋದ ಮೇಲೆ ಇದನ್ನು ಬಿಡಿಸಿಕೊಳ್ಳಲು ಹೊರಟೆ. ಜಯನಗರದ ನಾಲ್ಕನೆಯ ಬ್ಲಾಕಿನ ಅಂಗಡಿಯಲ್ಲಿ ದುರಭ್ಯಾಸಗಳನ್ನು ನೀಗುವ ವಿಧಾನದ ಪುಸ್ತಕವೊಂದನ್ನು ಕೊಂಡೆ. ಎಂತಹ ಚಟವಾದರೂ ಇಪ್ಪತ್ತೊಂದು ದಿನಗಳಲ್ಲಿ ಬಿಡುವುದೆಂದು ಅದರಲ್ಲಿದೆ. ನನ್ನದು ಹಳೆಯ ರೋಗ. ನಲವತ್ತೆಂಟು ದಿನಗಳ ಒಂದು ಮಂಡಲವೇ ಬೇಕೆಂದು ನಿಶ್ಚಯಿಸಿದೆ. ನಲವತ್ತೆಂಟು ಹುಣಸೆ ಬೀಜಗಳನ್ನು ಎಣಿಸಿ ನಿನ್ನ ಸಾಸಿವೆ ಡಬ್ಬಿಯಲ್ಲಿಟ್ಟೆ. ಯಾರ ಮಾತನ್ನೂ ಬರಹವನ್ನೂ ತಿದ್ದದೆ ಕಳೆದ ದಿನಕ್ಕೊಂದು ಬೀಜ ಹಿತ್ತಾಳೆಯ ಬಟ್ಟಲಿಗೆ. ತಪ್ಪಿದರೆ ಎಲ್ಲವೂ ಮರಳಿ ಡಬ್ಬಿಗೆ. ಎಚ್ಚರಕ್ಕೆಂದು ಬಲಗೈಗೆ ಕರಿಯ ದಾರ ಕಟ್ಟಿಕೊಂಡೆ. ಕೆಂಪು ಶಾಯಿಯ ಸೀಸೆಯನ್ನು ಮನೆಗೆಲಸದ ಮಂಗಮ್ಮನ ಕೈಗೆ ಕೊಟ್ಟು, “ಇಟ್ಟಮಡುವಿನ ನಿನ್ನ ಮನೆಯಲ್ಲೇ ಇರಲಿ, ಬೇಡಿದರೂ ಕೊಡಬೇಡ” ಎಂದೆ.

ಆ ಪುಸ್ತಕದಿಂದಲೇ ಮೊದಲ ವಿಘ್ನ ಒದಗಿತು. ಮೂವತ್ತು ಪುಟ ಮುಗಿಯುವಷ್ಟರಲ್ಲಿ ಅಂಚಿನ ತುಂಬ ಸೀಸದಕಡ್ಡಿಯ ಗುರುತುಗಳು. ಅಚ್ಚಿನ ತಪ್ಪುಗಳು ನೂರಕ್ಕೂ ಮಿಕ್ಕಿದ್ದವು. ಚಟ ಬಿಡಿಸುವ ಪುಸ್ತಕವನ್ನು ಚಟದಿಂದಲೇ ಓದಿದೆನೆಂಬುದು ಪುಸ್ತಕ ಮುಚ್ಚಿದ ಮೇಲೆ ಹೊಳೆಯಿತು.

ಆಷಾಢದಲ್ಲಿ ಒಮ್ಮೆ ಹತ್ತೊಂಬತ್ತು ಬೀಜಗಳು ಬಟ್ಟಲು ಸೇರಿದವು. ಇಪ್ಪತ್ತನೆಯ ದಿನ ಹಳೆಯ ವಿದ್ಯಾರ್ಥಿ ತಿರುಮಲೇಶ ತನ್ನ ಮದುವೆಯ ಕರೆಯೋಲೆ ಹಿಡಿದು ಬಂದನು. ಕಾಲಿಗೆರಗಿದವನನ್ನು ಹರಸಿ, ಓಲೆ ಬಿಡಿಸಿ, ಏನು ಮಾಡುತ್ತಿದ್ದೇನೆಂಬ ಅರಿವಾಗುವ ಮೊದಲೇ ಐದು ಕಡೆ ಗೀಟೆಳೆದು ಅವನ ಕೈಗೇ ಕೊಟ್ಟಿದ್ದೆ. ಆ ಹುಡುಗನ ಮುಖ ಸಣ್ಣದಾಯಿತು. “ಇನ್ನೂರೈವತ್ತು ಅಚ್ಚಾಗೋಗಿದೆ ಸಾರ್” ಎಂದನು. ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಮಂಗಮ್ಮ ತಲೆಯೆತ್ತದೆ, “ಮೇಷ್ಟ್ರೇ, ಬೀಜ ನೀವೇ ವಾಪಸ್ ಸುರ್ಕೊತೀರಾ, ನಾನ್ ಸುರೀಲಾ?” ಎಂದಳು.

ಅನಂತರ ಆರಕ್ಕಿಂತ ಮೇಲೆ ಏರಿಲ್ಲ. ಇಂದು ಬಟ್ಟಲು ಬರಿದಾಗಿದೆ. ಬೇರೆಯವರ ತಪ್ಪು ಕಣ್ಣಿಗೆ ಬಿದ್ದೊಡನೆ ನನ್ನ ಬೆರಳು ನನ್ನದಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ. ಬೇರೆ ವಿವರಣೆ ನನ್ನಲ್ಲಿಲ್ಲ. ನೀನು ಬಂದರೆ ನಾನು ಬದಲಾಗಿರುತ್ತೇನೆಂದು ಮಾತು ಕೊಡಬೇಕೆಂದಿದ್ದೆ. ಆ ವಾಕ್ಯವನ್ನು ಬರೆಯಲಾಗಲಿಲ್ಲ.

ಆದರೂ ಕೇಳುತ್ತೇನೆ. ನೀನು ಹಿತ್ತಿಲಲ್ಲಿ ನೆಟ್ಟ ಕರಿಬೇವು ನನ್ನ ಎದೆಯೆತ್ತರ ಬಂದಿದೆ. ನಿನ್ನ ಸ್ಲೇಟು ಗೂಡಿನಲ್ಲಿದೆ. ಅದರ ಮೇಲೆ ನೀನು ಕೊನೆಯದಾಗಿ ಬರೆದದ್ದನ್ನು ಒರೆಸಿಲ್ಲ. ದಯವಿಟ್ಟು ಮನೆಗೆ ಹಿಂದಿರುಗಬೇಕೆಂದು ವಿನಂತಿಸುತ್ತೇನೆ.

ಇಂತು, ನಿನ್ನನ್ನು ಕಾಯಿಸಿದ,
ತಿಮ್ಮರಾಯಪ್ಪ

ಮರೆತ ಮಾತು: ಮೇಲಿನದನ್ನು ಮುಗಿಸಿ ಲಕೋಟೆಗೆ ಅಂಟು ಹಚ್ಚುತ್ತಿರುವಾಗ ನಿಮ್ಮೂರಿನ ಸೊಪ್ಪಿನ ಮುನಿಯಣ್ಣ ಬಂದನು. ನಿನ್ನೆ ಮಧ್ಯಾಹ್ನ ನೀನೂ ಬೈರಣ್ಣನೂ ಪೆಟ್ಟಿಗೆಯೊಡನೆ ಪೇಟೆಯ ಕಡೆಗೆ ಹೊರಟ ಬಸ್ಸಿನಲ್ಲೇ ಅವನೂ ಇದ್ದನಂತೆ. ಬನಶಂಕರಿಯಲ್ಲಿ ಬಸ್ಸು ನಿಂತಾಗ ರಸ್ತೆಯ ಆಚೆ ಬದಿಯಲ್ಲಿ ನಾನು ಕಾಗದ ಓದುತ್ತ ನಿಂತಿದ್ದುದನ್ನು ಅವನೂ ಕಂಡನು, ನೀನೂ ಕಂಡೆ. ಅವನು ಕೂಗಹೊರಟಾಗ ನೀನು ತಡೆದೆಯಂತೆ: “ಕೂಗ್ಬ್ಯಾಡ ಮುನಿಯಣ್ಣ. ಇನ್ನೂ ತಪ್ಪು ಉಳ್ದವೆ ಅನ್ಸುತ್ತೆ, ಓದ್ಕಳ್ಲಿ.”

ನಿನ್ನ ಊಹೆ ನಿಜ. ನನಗೆ ಜ್ವರ ಬಂದಿರಲಿಲ್ಲ. ತಲಘಟ್ಟಪುರದ ಬಸ್ಸು ನನ್ನ ಮುಂದೆಯೇ ನಿಂತಿತ್ತು. ಕೂರಲು ಎಡೆಯೂ ಇತ್ತು. ಎರಡನೆಯ ಪುಟದಲ್ಲಿ ಒಂದು ವಾಕ್ಯ ಸರಿಯಾಗಿ ನಿಂತಿಲ್ಲವೆನಿಸಿ ಮನೆಗೆ ಹಿಂದಿರುಗಿದೆ. ಈಗ ನೀನು ಓದುತ್ತಿರುವುದು ಏಳನೆಯ ಪ್ರತಿ. ದಿನವೂ ಒಂದೊಂದು ಬರೆಯುತ್ತಿದ್ದುದನ್ನು ನೋಡಿ ಮಂಗಮ್ಮ, “ಬಾ ಅನ್ನೋದು ಒಂದಕ್ಷರ ಅಲ್ವಾ ಮೇಷ್ಟ್ರೇ, ಅದ್ರಾಗೇನ್ ತಪ್ಪಾಯ್ತದೆ?” ಎಂದು ಕೇಳಿದಳು.

ದಾವಣಗೆರೆಯ ವಿಳಾಸ ನನ್ನಲ್ಲಿಲ್ಲ. ಮುನಿಯಣ್ಣ ಹೊಸಿಲ ಮೇಲೆ ಕುಳಿತು ಕಾಯುತ್ತಿದ್ದಾನೆ. ಬೈರಣ್ಣ ಹಿಂದಿರುಗಿದೊಡನೆ ಅವನ ಕೈಗೆ ಮುಟ್ಟಿಸುವನಂತೆ. ಎಂಟನೆಯ ಪ್ರತಿ ಮಾಡುವುದಿಲ್ಲ.

ಇದರೊಳಗೆ ಒಂದು ಚೀಟಿಯನ್ನಿಟ್ಟಿದ್ದೇನೆ. ಅದು ಮೊದಲನೆಯ ಪ್ರತಿ. ನಿನ್ನ ಕಾಗದ ಓದಿದ ಗಳಿಗೆಯಲ್ಲೇ, ನಿಂತಲ್ಲೇ ಬರೆದದ್ದು: “ಬಂದ್ಬಿಡು. ನನ್ ಕೈಲಿ ಆಗ್ತಿಲ್ಲ.” ಅಂದೇ ಅಂಚೆಗೆ ಹಾಕಿದ್ದರೆ ಶನಿವಾರ ನಿನ್ನ ಕೈಯಲ್ಲಿರುತ್ತಿತ್ತು. ಅಂದು ಸಂಜೆ ಅಂಚೆಪೆಟ್ಟಿಗೆಯ ಕಡೆಗೆ ಹೊರಟವನು ದಾರಿಯಲ್ಲಿ ಕೆಂಪು ಶಾಯಿಯ ಹೊಸ ಸೀಸೆಯೊಂದನ್ನು ಕೊಂಡು ಹಿಂದಿರುಗಿದೆ. ಗೀಟುಗಳನ್ನು ಬಿಟ್ಟು ಓದಿಕೋ.