ಏಳನೇ ಗೂಡಿನ ಚಪ್ಪಲಿ

ಅಕ್ಟೋಬರ್ ಹದಿನಾಲ್ಕು, ಸೋಮವಾರ

ದೂರದ ಊರಿನ ಅಕ್ಕನಿಗೆ,

ಹಾಸಿಗೆ ಬಟ್ಟೆ ಮಡಚುವಾಗ ನಿಮ್ಮ ಎದುರಿನ ತುದಿ ಹಿಡಿಯುತ್ತಿದ್ದವಳ ನಮಸ್ಕಾರ.

ಅಕ್ಕ ಅಂತ ಬರೆದಿದ್ದೇನೆ. ನೀವು ಇಲ್ಲಿದ್ದಾಗ ಒಂದು ದಿನ ಇಬ್ಬರೂ ಬೆರಳಲ್ಲಿ ವಯಸ್ಸು ತೋರಿಸಿಕೊಂಡೆವಲ್ಲ, ನಿಮ್ಮದು ನನಗಿಂತ ಮೂರು ಬೆರಳು ಹೆಚ್ಚು ಬಂತು. ಅವತ್ತಿನಿಂದ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದೇನೆ. ಈ ಕಾಗದ ಓದಿದ ಮೇಲೂ ಕರೆಯಲು ಬಿಡುತ್ತೀರೋ ಇಲ್ಲವೋ ಗೊತ್ತಿಲ್ಲ.

ನಿಮ್ಮ ಕಾಗದ ಹೋದ ವಾರ ಬಂತು. ಶಾಲೆ ಮೇಷ್ಟ್ರು ಅದನ್ನು ನಮ್ಮ ಮಾತಿನಲ್ಲಿ ಓದಿ ಹೇಳಿದರು. ಇದನ್ನೂ ಅವರೇ ನಿಮ್ಮ ಭಾಷೆಗೆ ಮಾಡಿ ಕಳಿಸುತ್ತಾರೆ. ನಾನು ಹಳ್ಳಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ನಿಂತವಳು. ಅಕ್ಷರ ತಪ್ಪಿದ್ದರೆ ತಿದ್ದಿ, ಮಾತು ಮಾತ್ರ ತಿದ್ದಬೇಡಿ ಅಂತ ಅವರಿಗೆ ಹೇಳಿದ್ದೇನೆ.

ನಮ್ಮ ಲಾಡ್ಜಿನ ಬಾಗಿಲು ಕಾಯುತ್ತಿದ್ದ ತಾತನ ಮೇಲೆ ಬೆಟ್ಟದ ಕಚೇರಿಗೆ ದೂರು ಕೊಟ್ಟಿದ್ದೀರಿ. ಇಪ್ಪತ್ತೈದಕ್ಕೆ ವಿಚಾರಣೆ. ಆ ಮುದುಕ ಅವತ್ತು ಸರಿಯಾಗಿ ಎಣಿಸಿದ್ದರೆ ನನ್ನ ಮಗಳು ಸಿಗುತ್ತಿದ್ದಳು, ಆ ಮನೆಯಲ್ಲಿ ನಾನು ನಂಬುವುದು ನಿನ್ನೊಬ್ಬಳನ್ನೇ, ನೀನು ಹೋಗಿ ಕಂಡದ್ದನ್ನು ಹೇಳು ಅಂತ ಬರೆದಿದ್ದೀರಿ. ಹೋಗುತ್ತೇನೆ ಅಕ್ಕ. ಕಂಡದ್ದನ್ನು ಹೇಳುತ್ತೇನೆ. ಆದರೆ ಕಚೇರಿಯವರಿಗೆ ಹೇಳುವುದಕ್ಕೆ ಮೊದಲು ನಿಮಗೆ ಹೇಳಬೇಕು. ಅದಕ್ಕೇ ಈ ಕಾಗದ.

ನಮ್ಮ ಲಾಡ್ಜಿನ ಬಾಗಿಲ ಪಕ್ಕದ ಚಪ್ಪಲಿ ಗೂಡು ನಿಮಗೆ ನೆನಪಿರಬೇಕು. ಹನ್ನೆರಡು ಕೋಣೆ, ಹನ್ನೆರಡು ಗೂಡು. ಒಳಗೆ ಬೂಟು ಹಾಕುವ ಹಾಗಿಲ್ಲ. ಬಂದವರಿಗೆಲ್ಲ ನಾವೇ ಉಣ್ಣೆ ಚಪ್ಪಲಿ ಕೊಡುತ್ತೇವೆ, ಅದರ ಮೇಲೆ ಕೋಣೆ ನಂಬರನ್ನು ಕೆಂಪು ದಾರದಲ್ಲಿ ಹೊಲಿದವಳು ನಾನು. ಬೆಟ್ಟಕ್ಕೆ ಹೋಗುವಾಗ ಚಪ್ಪಲಿ ಬಿಚ್ಚಿ ಅವರವರ ಗೂಡಿನಲ್ಲಿಟ್ಟು ಬೂಟು ಹಾಕಿಕೊಂಡು ಹೋಗಬೇಕು. ಬಂದ ಮೇಲೆ ಚಪ್ಪಲಿ ಮತ್ತೆ ಕಾಲಿಗೆ. ಹೊತ್ತು ಮುಳುಗುವಾಗ ಯಾವ ಗೂಡಿನಲ್ಲಿ ಚಪ್ಪಲಿ ಉಳಿದಿದೆಯೋ ಆ ಕೋಣೆಯವರು ಇನ್ನೂ ಮೇಲಿದ್ದಾರೆ ಅಂತ ಅರ್ಥ. ತಾತ ಗೂಡು ಗೂಡಿಗೂ ಕೈ ಹಾಕಿ ನೋಡುತ್ತಿದ್ದರು. ಕಣ್ಣಿದೆಯಲ್ಲ ತಾತ, ಕೈ ಯಾಕೆ ಅಂತ ಕೇಳಿದರೆ, ಕಣ್ಣು ಸೋಮಾರಿ ಕಣಮ್ಮ, ನಿನ್ನೆ ಕಂಡದ್ದನ್ನೇ ಇವತ್ತೂ ತೋರಿಸಿಬಿಡುತ್ತೆ ಅನ್ನುತ್ತಿದ್ದರು. ಹನ್ನೆರಡೂ ಖಾಲಿಯಾಗಿದ್ದರೆ ಎಲ್ಲರೂ ಬಂದರು ಅಂತ ಮನೆಗೆಲ್ಲ ಕೇಳುವಂತೆ ಕೂಗುವರು. ಒಂದು ಜೊತೆ ಉಳಿದಿದ್ದರೂ ಕೊಂಬು ಊದಿ ಊರವರನ್ನು ಲಾಟೀನು ಹಿಡಿಸಿ ಹೊರಡಿಸುವರು. ಇಪ್ಪತ್ತಾರು ವರ್ಷ ಹೀಗೇ ನಡೆದಿದೆ, ಒಬ್ಬರನ್ನೂ ಬೆಟ್ಟ ಇಟ್ಟುಕೊಂಡಿರಲಿಲ್ಲ.

ನಾನೂ ದಿನಾ ಸಂಜೆ ದೀಪ ಹಚ್ಚಿ, ಮೇಲೆ ಹೋದವರನ್ನೆಲ್ಲ ಕೆಳಗೆ ಇಳಿಸಪ್ಪ ಅಂತ ಕೇಳಿಕೊಳ್ಳುವವಳು. ತಾತ ತಮಾಷೆ ಮಾಡುತ್ತಿದ್ದರು. ದೇವರಿಗೆ ನೀನು ಹೇಳು, ಗೂಡಿಗೆ ನಾನು ಕೈ ಹಾಕುತ್ತೇನೆ, ಯಾರು ಮೊದಲು ಉತ್ತರ ಕೊಡುತ್ತಾರೆ ನೋಡೋಣ ಅಂತ.

ನಿಮ್ಮ ಮಗಳು ನಮ್ಮಲ್ಲಿದ್ದದ್ದು ಐದೇ ದಿನ. ನಮ್ಮ ಮಾತು ಬರುತ್ತಿರಲಿಲ್ಲ, ಆದರೂ ಸುಮ್ಮನಿರುವ ಹುಡುಗಿಯಲ್ಲ. ನಾನು ಕೋಣೆ ಗುಡಿಸಲು ಹೋದರೆ ಹಾಸಿಗೆ ಆಗಲೇ ಸರಿಮಾಡಿರುತ್ತಿದ್ದಳು. ಬಟ್ಟೆಯ ಅಂಚು ಒಳಕ್ಕೆ ಸೇರಿಸಿ, ಮೂಲೆಯಲ್ಲಿ ಲಕೋಟೆಯ ಹಾಗೆ ಮಡಚಿ, ಯಾರೂ ಮಲಗೇ ಇಲ್ಲವೇನೋ ಅನ್ನುವ ಹಾಗೆ. ನನ್ನ ಕೆಲಸ ಕಿತ್ತುಕೊಳ್ಳಲು ಬಂದಿದ್ದೀಯಾ ಅಂತ ಬೈದರೆ ನಗುತ್ತಿದ್ದಳು. ಬೈಗುಳಕ್ಕೆ ಭಾಷೆ ಬೇಕಾಗಿಲ್ಲವಲ್ಲ.

ನಾಲ್ಕನೇ ದಿನ ಅವಳ ಏಳನೇ ನಂಬರಿನ ಎಡಗಾಲಿನ ಚಪ್ಪಲಿ ತುದಿಯಲ್ಲಿ ಬಿಚ್ಚಿಕೊಂಡಿತ್ತು. ಮೆಟ್ಟಿಲ ಮೇಲೆ ಕೂತು, ಆ ತೂತಿನಿಂದ ಹೆಬ್ಬೆರಳು ಹೊರಗೆ ಹಾಕಿ ನನ್ನ ಕಡೆ ಆಡಿಸಿ ತೋರಿಸಿದಳು. ತಾತ ಪಕ್ಕದಲ್ಲೇ ಇದ್ದರು. ನೋಡಮ್ಮ, ಏಳನೇ ನಂಬರು ಕಿಟಕಿಯಿಂದ ಇಣುಕಿ, ಹೊಲಿಯುವವಳ ಸೂಜಿಗೆ ತುಕ್ಕು ಹಿಡಿದಿದೆಯಾ ಅಂತ ಕೇಳುತ್ತಿದೆ ಅಂದರು. ನನಗೆ ನಗು ತಡೆಯಲಿಲ್ಲ. ಅವಳಿಗೆ ಏನು ಅರ್ಥವಾಯಿತೋ, ಅವಳೂ ಬೆರಳು ಆಡಿಸುತ್ತಲೇ ನಕ್ಕಳು.

ಮಾರನೇ ದಿನ ಬೆಳಿಗ್ಗೆ ಅವಳು ಬೆಟ್ಟಕ್ಕೆ ಹೋದಳು. ಹೋಗುವಾಗ ಚಪ್ಪಲಿಯನ್ನು ಗೂಡಿನಲ್ಲಿಟ್ಟೇ ಹೋದಳು ಅಕ್ಕ. ನಿಮ್ಮ ಮಗಳ ಕಡೆಯಿಂದ ಒಂದಿಷ್ಟೂ ತಪ್ಪಿಲ್ಲ. ನಾನು ಮಧ್ಯಾಹ್ನ ಅಲ್ಲಿ ಗುಡಿಸುತ್ತಿದ್ದೆ. ಆ ಬಿಚ್ಚಿದ ತುದಿ ಕಣ್ಣಿಗೆ ಬಿತ್ತು. ಸಂಜೆ ಬರುವಷ್ಟರಲ್ಲಿ ಹೊಲಿದಿಟ್ಟರೆ ಹುಡುಗಿಗೆ ಖುಷಿಯಾಗುತ್ತೆ ಅಂತ ಎರಡನ್ನೂ ಎತ್ತಿಕೊಂಡು ಒಗೆಯುವ ಕೋಣೆಗೆ ಹೋದೆ. ಮೊದಲು ತೊಳೆದೆ, ಒಲೆಯ ಹತ್ತಿರ ಇಟ್ಟು ಒಣಗಿಸಿದೆ, ಆಮೇಲೆ ಹೊಲಿಯಲು ಕೂತೆ.

ಹೊತ್ತು ಮುಳುಗುವಾಗ ತಾತ ಬಂದು ಗೂಡುಗಳಿಗೆ ಕೈ ಹಾಕಿದ್ದಾರೆ. ಹನ್ನೆರಡೂ ಖಾಲಿ. ಎಲ್ಲರೂ ಬಂದರು ಅಂತ ಕೂಗಿದ್ದಾರೆ. ಒಗೆಯುವ ಕೋಣೆಯಲ್ಲಿ ನೀರಿನ ಸದ್ದು, ನನಗೆ ಅದು ಕೇಳಿಸಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಚಪ್ಪಲಿ ಒಲೆಯ ಮೇಲಿನ ತಂತಿಯಲ್ಲೇ ಉಳಿಯಿತು. ನಾನು ಮರೆತೆ.

ಮಾರನೇ ದಿನ ಕೋಣೆಗೆ ಹೋದೆ. ಹಾಸಿಗೆ ಎಂದಿನಂತೆ ನೀಟಾಗಿತ್ತು. ಎದ್ದು ಸರಿಮಾಡಿ ಆಗಲೇ ಹೊರಟಿದ್ದಾಳೆ ಅಂದುಕೊಂಡೆ. ಅವತ್ತು ಸಂಜೆಯೂ ತಾತ ಹನ್ನೆರಡು ಖಾಲಿ ಗೂಡು ಎಣಿಸಿದರು. ಮೂರನೇ ದಿನ ನೀರಿನ ಹೂಜಿ ಎತ್ತಿದೆ. ಎರಡು ದಿನದ ಹಿಂದೆ ನಾನು ಕುತ್ತಿಗೆವರೆಗೆ ತುಂಬಿಸಿದ್ದ ನೀರು ಹಾಗೇ ಇತ್ತು, ಮೇಲೆ ಧೂಳಿನ ಪೊರೆ ಕಟ್ಟಿತ್ತು. ನಾನು ಯಜಮಾನಿಯ ಹತ್ತಿರ ಓಡಲಿಲ್ಲ. ಮೊದಲು ಓಡಿದ್ದು ಒಗೆಯುವ ಕೋಣೆಗೆ. ತಂತಿಯಿಂದ ಚಪ್ಪಲಿ ತೆಗೆದೆ, ಯಾರೂ ಇಲ್ಲದ ಹೊತ್ತು ನೋಡಿ ಏಳನೇ ಗೂಡಿನಲ್ಲಿ ಇಟ್ಟೆ. ಅದಾದ ಮೇಲೆ ಹೋಗಿ, ಏಳನೇ ಕೋಣೆಯ ಹುಡುಗಿ ಕಾಣುತ್ತಿಲ್ಲ ಅಮ್ಮಾ ಅಂದೆ.

ಯಜಮಾನಿ ಬಂದು ಗೂಡು ನೋಡಿದರು. ಚಪ್ಪಲಿ ಅಲ್ಲೇ ಇದೆ! ತಾತನನ್ನು ಎಲ್ಲರ ಎದುರು ಕರೆದು, ಮೂರು ದಿನದಿಂದ ಇಲ್ಲಿ ಕೂತಿದೆ, ನಿಮಗೆ ಕಣ್ಣು ಹೋಗಿದೆಯಾ ಇಲ್ಲ ಕೈಯೂ ಹೋಗಿದೆಯಾ ಅಂತ ಕೇಳಿದರು. ತಾತ ಚಪ್ಪಲಿ ಎತ್ತಿಕೊಂಡರು. ಎಡಗಾಲಿನದರ ತುದಿಯ ಹೊಸ ಹೊಲಿಗೆ ಮೇಲೆ ಹೆಬ್ಬೆರಳು ಆಡಿಸಿದರು. ನನ್ನ ಕಡೆ ನೋಡಿದರೋ ಇಲ್ಲವೋ, ನಾನು ತಲೆ ಎತ್ತಲಿಲ್ಲ. ನನ್ನ ಕೈಗೆ ಸಿಗಲಿಲ್ಲ ಅಮ್ಮ, ತಪ್ಪಾಯಿತು ಅಂದರು. ಅಷ್ಟೇ. ಕೊಂಬು ಊದಿದರು. ಆ ಹೊತ್ತಿಗೆ ಮಂಜು ಇಳಿದು ಅರ್ಧ ದಿನವಾಗಿತ್ತು. ಮೊದಲ ಎರಡು ದಿನ ಆಕಾಶ ಶುಭ್ರವಾಗಿತ್ತು, ನಿಮಗೂ ಹೇಳಿದ್ದಾರೆ. ಎರಡನೇ ದಿನ ಬೆಳಿಗ್ಗೆ ಮೇಲಿನ ಕಣಿವೆಯಲ್ಲಿ ಸೀಟಿ ಊದಿದ್ದು ಕೇಳಿಸಿತು, ಬೇರೆ ಕುರಿಯವರು ಇರಬೇಕು ಅಂದುಕೊಂಡೆ ಅಂತ ಕುರಿಗಾಹಿ ಹೇಳಿದ್ದನ್ನೂ ನೀವು ಬಲ್ಲಿರಿ. ಅವಳ ಚೀಲದ ಪಟ್ಟಿಗೆ ಕಿತ್ತಳೆ ಬಣ್ಣದ ಸೀಟಿ ಕಟ್ಟಿದ್ದನ್ನು ನಾನು ನೋಡಿದ್ದೆ.

ನೀವು ಬಂದಿರಿ. ಹನ್ನೊಂದು ದಿನ ಇದ್ದಿರಿ. ಬಂದ ದಿನ ತಾತನ ಎದುರು ನಿಂತು ನೀವು ಆಡಿದ ಮಾತು ಇಲ್ಲಿ ಯಾರಿಗೂ ತಿಳಿಯಲಿಲ್ಲ, ಆದರೆ ಎಲ್ಲರಿಗೂ ಅರ್ಥವಾಯಿತು. ತಾತ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮುಗಿಯುವ ತನಕ ನಿಂತೇ ಇದ್ದರು. ನಾನು ಬಾಗಿಲ ಹಿಂದೆ ಬಕೆಟ್ಟು ಹಿಡಿದು ನಿಂತಿದ್ದೆ. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರು ಕೊಡುವುದಿಲ್ಲ. ಬಿಡಲಿಲ್ಲ.

ಆಮೇಲೆ ನೀವು ನನ್ನ ಹತ್ತಿರವೇ ಬಂದಿರಿ. ಒಗೆಯುವ ಕೋಣೆಗೆ ಬಂದು, ನಾನು ಒಬ್ಬಳೇ ಒದ್ದಾಡುತ್ತಿದ್ದ ದೊಡ್ಡ ಬಟ್ಟೆಯ ಇನ್ನೊಂದು ತುದಿ ಹಿಡಿದಿರಿ. ದಿನಾ ಮಡಚಿದೆವು. ನೀವು ಹಿಂದೆ ಸರಿಯುವುದು, ನಾನು ಮುಂದೆ ಬರುವುದು, ಮಧ್ಯದಲ್ಲಿ ಕೈಗೆ ಕೈ ತಾಗುವುದು. ಮೂಲೆಯನ್ನು ನೀವು ಲಕೋಟೆಯ ಹಾಗೆ ಮಡಚಿದಾಗ ಆ ಹುಡುಗಿಗೆ ಕಲಿಸಿದ ಕೈ ಇದೇ ಅಂತ ಗೊತ್ತಾಯಿತು. ನೀವು ಅತ್ತರೆ ನಾನೂ ಅಳುತ್ತಿದ್ದೆ. ನಿಮಗೋಸ್ಕರ ಅಳುತ್ತಿದ್ದೇನೆ ಅಂದುಕೊಂಡು ನೀವು ನನ್ನ ಕಣ್ಣು ಒರೆಸಿದಿರಿ. ಹೊರಡುವ ದಿನ ನಿಮ್ಮ ನೀಲಿ ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದಿರಿ. ಒಂದು ದಿನವೂ ಅದನ್ನು ಹೊದ್ದುಕೊಂಡಿಲ್ಲ. ಪೆಟ್ಟಿಗೆಯಲ್ಲಿದೆ.

ಯಜಮಾನಿ ತಾತನನ್ನು ಕೆಲಸದಿಂದ ಬಿಡಿಸಿದರು. ಈಗ ಗೂಡು ನೋಡಲು ಬೇರೆಯವರಿದ್ದಾರೆ, ಕಣ್ಣಲ್ಲೇ ನೋಡುತ್ತಾರೆ. ನಲ್ಲಿಯ ಹತ್ತಿರ ಹೆಂಗಸರು, ತಾತ, ನಿಮ್ಮ ಕಾಲಲ್ಲಿ ಎಷ್ಟು ಚಪ್ಪಲಿ ಇದೆ, ಮುಟ್ಟಿ ನೋಡಿ ಹೇಳಿ ಅಂತ ಕುಚೋದ್ಯ ಮಾಡುತ್ತಾರೆ. ಅವರೂ ನಗುತ್ತಾರೆ, ಒಂದೂವರೆ ಇರಬೇಕು ತಾಯಿ ಅನ್ನುತ್ತಾರೆ. ಹೋದ ತಿಂಗಳು ನಾನು ಅವರ ಮನೆಗೆ ಹೋಗಿದ್ದೆ. ಮೇಜಿನ ಮೇಲೆ ಖಾಲಿ ಲೋಟಗಳನ್ನು ಸಾಲಾಗಿಟ್ಟು ಒಂದೊಂದರೊಳಗೂ ಬೆರಳು ಹಾಕಿ ನೋಡುತ್ತಿದ್ದರು. ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು. ಕೈ ಸರಿ ಇದೆ ಕಣಮ್ಮ, ಆದರೂ ಅವತ್ತು ಹೇಗೆ ತಪ್ಪಿತು ಅಂತ ಗೊತ್ತಾಗುತ್ತಿಲ್ಲ ಅಂದರು. ನನಗೆ ತಿಳಿದಿದೆ ಅಂತ ಅವರಿಗೆ ತಿಳಿದಿದೆಯಾ? ಕೇಳುವ ಧೈರ್ಯ ನನಗಿಲ್ಲ.

ನಿಮ್ಮ ಕಾಗದ ಬಂದ ಮೇಲೆ ನಿರ್ಧಾರ ಮಾಡಿದ್ದೇನೆ. ಇಪ್ಪತ್ತೈದಕ್ಕೆ ಕಚೇರಿಗೆ ಹೋಗಿ, ಗೂಡು ಖಾಲಿಯೇ ಇತ್ತು, ಖಾಲಿ ಮಾಡಿದವಳು ನಾನು, ತಿರುಗಿ ತುಂಬಿಸಿದವಳೂ ನಾನು ಅಂತ ಹೇಳುತ್ತೇನೆ. ಚಪ್ಪಲಿಯನ್ನೂ ಒಯ್ಯುತ್ತೇನೆ, ಹೊಲಿಗೆ ನೋಡಲಿ. ನಾಳೆ ಬೆಳಿಗ್ಗೆ ತಾತನ ಮನೆಗೆ ಹೋಗಿ ಅವರಿಗೂ ಹೇಳುತ್ತೇನೆ. ಕೆಲಸ ಹೋಗಲಿ. ನಲ್ಲಿಯ ಹತ್ತಿರ ನನ್ನನ್ನೂ ಅನ್ನಲಿ. ನೀವು ನಿಮ್ಮ ದೂರಿನಲ್ಲಿ ಅವರ ಬದಲು ನನ್ನನ್ನು ಸೇರಿಸಿ. ಕ್ಷಮಿಸಿ ಅಂತ ಬರೆಯಲು ಕೈ ಬರುತ್ತಿಲ್ಲ, ಅದು ಕೇಳುವಂಥದ್ದಲ್ಲ.

ಶಾಲನ್ನು ಒಗೆದು ಮಡಚಿ ಇದರ ಜೊತೆಯಲ್ಲೇ ಕಳಿಸುತ್ತಿದ್ದೇನೆ. ಮೂಲೆ ನೀವು ಕಲಿಸಿದ ಹಾಗೇ ಮಡಚಿದ್ದೇನೆ.

ಇಂತಿ,
ಎದುರಿನ ತುದಿಯವಳು

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಅಂಟಿಸಿಯಾಗಿತ್ತು. ಬೆಳಿಗ್ಗೆ ದೇವರ ಮುಂದೆ ಕೂತರೆ ಕೈ ಜೋಡಿಸಲು ಆಗಲಿಲ್ಲ, ಮತ್ತೆ ಬಿಡಿಸಿದ್ದೇನೆ. ಮೇಷ್ಟ್ರು ಕರುಣೆಯಿಂದ ಇದನ್ನು ಬಿಟ್ಟುಬಿಡಬಾರದು. ನೀರಿನ ಸದ್ದಿಗೆ ತಾತನ ಕೂಗು ಕೇಳಿಸಲಿಲ್ಲ ಅಂತ ಮೇಲೆ ಬರೆದೆ. ಆ ಹೊತ್ತಿನಲ್ಲಿ ನಲ್ಲಿ ನಿಂತಿತ್ತು, ನೀರಿನ ಸದ್ದೇ ಇರಲಿಲ್ಲ. ಎಲ್ಲರೂ ಬಂದರು ಅಂತ ಅವರು ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತು. ಏಳನೇ ನಂಬರಿನ ಎಡಗಾಲಿನ ಚಪ್ಪಲಿ ನನ್ನ ತೊಡೆಯ ಮೇಲಿತ್ತು, ಸೂಜಿ ಅದರೊಳಗೇ ಇತ್ತು. ಅಯ್ಯೋ, ಇದು ಇಲ್ಲಿದೆಯಲ್ಲ, ಹುಡುಗಿ ಬಂದಳೋ ಇಲ್ಲವೋ ಅನ್ನಿಸಿತು. ಇನ್ನು ನಾಲ್ಕು ಹೊಲಿಗೆ, ಮುಗಿಸಿ ಹೋಗಿ ಹೇಳೋಣ ಅಂದುಕೊಂಡೆ. ಮುಗಿಸಿದೆ. ಗಂಟು ಹಾಕಿ ದಾರವನ್ನು ಹಲ್ಲಲ್ಲಿ ಕಡಿದೆ. ಚೆನ್ನಾಗಿ ಬಂದಿದೆ ಅಂತ ತಿರುಗಿಸಿ ನೋಡಿದೆ. ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಚಪ್ಪಲಿಯನ್ನು ತಂತಿಗೆ ಸಿಕ್ಕಿಸಿ, ಕೈ ತೊಳೆದುಕೊಂಡು, ದೇವರ ಮುಂದೆ ಹೋಗಿ ಕೂತೆ. ಮೇಲೆ ಹೋದವರನ್ನೆಲ್ಲ ಕೆಳಗೆ ಇಳಿಸಪ್ಪ ಅಂತ ಅವತ್ತೂ ಕೇಳಿಕೊಂಡೆ.