ಇನ್ನು ಕಾಯಬಾರದಂತೆ

೧೮ ಜುಲೈ, ಶುಕ್ರವಾರ

ನಮ್ಮ ಮಗು ಇಂಪನಾಳ ಹೃದಯದಲ್ಲಿ ತೂತಿದೆ, ತೂಕ ಬರಲಿ, ಆಮೇಲೆ ಆಪರೇಷನ್ ಮಾಡೋಣ ಎಂದಿದ್ದ ಡಾಕ್ಟರೇ ಇವತ್ತು, "ಕಾಯೋದು ಬೇಡ, ಮುಂದಿನ ವಾರಾನೇ ಮಾಡ್ಬಿಡೋಣ" ಎಂದರು. ಮಗು ಅಷ್ಟೇ ಸಣ್ಣಗಿದೆ. ಮತ್ತೇಕೆ ಈ ಅವಸರ?

ಡಾಕ್ಟರಿಗಿಂತ ಇವರ ಮೇಲೆಯೇ ನನಗೆ ಅನುಮಾನ. ಒಂದು ಸೂಜಿ ಚುಚ್ಚಿಸಲೂ ಹತ್ತು ಜನರನ್ನು ಕೇಳುವ ನನ್ನ ಗಂಡ ಒಂದೇ ಮಾತಿಗೆ ಒಪ್ಪಿಬಿಟ್ಟರು. ನಾನು ಹಾಲು ಕುಡಿಸಲು ಹೊರಗೆ ಹೋಗಿದ್ದಾಗ ಇಬ್ಬರೂ ಏನು ಮಾತಾಡಿಕೊಂಡರು? ವಾಪಸ್ ಬರುವಾಗ ಕ್ಯಾಬ್‌ನಲ್ಲಿ ಮಹದೇವಪುರದ ಮನೆ ತಲುಪುವವರೆಗೂ ಇವರು ನನ್ನ ಮುಖ ನೋಡಲಿಲ್ಲ.

ಸಂಜೆ ನಾನೇ ಡಾಕ್ಟರಿಗೆ ಫೋನ್ ಮಾಡಿದೆ.

"ಆ ತೂತಿನಿಂದಾನೇ ಮಗು ತೂಕ ಬರ್ತಿಲ್ಲಮ್ಮ. ಶ್ವಾಸಕೋಶಕ್ಕೆ ರಕ್ತ ಜಾಸ್ತಿ ನುಗ್ತಿದೆ. ತುಂಬಾ ಕಾದ್ರೆ ಶ್ವಾಸಕೋಶ ಕೆಟ್ಟು, ಆಮೇಲೆ ಆಪರೇಷನ್ನೇ ಮಾಡೋಕಾಗ್ದೇ ಇರ್ಬೋದು. ನಿಮ್ಮ ಯಜಮಾನ್ರಿಗೆ ಎಲ್ಲಾ ಹೇಳಿದ್ದೀನಲ್ಲ?"

"ಮಾಡ್ಬಿಡಿ ಸಾರ್" ಎಂದು ಫೋನಿಟ್ಟು ಇವರ ಮುಂದೆ ಹೋಗಿ ನಿಂತೆ. "ಯಾಕ್ರೀ ಮುಚ್ಚಿಟ್ರಿ?"

"ನೀನು ಹೆದರ್ಕೊಂಡು ಬೇಡ ಅಂದ್ಬಿಡ್ತೀಯ ಅಂತ ಕಣೇ."

"ಇನ್ನೇನು ಮುಚ್ಚಿಟ್ಟಿದ್ದೀರಿ?"

"ಇಷ್ಟೇ. ಮಗು ಮೇಲಾಣೆ..." ಎನ್ನುತ್ತಾ ಮಲಗಿದ್ದ ಇಂಪನಾಳ ತಲೆಯತ್ತ ಕೈ ಚಾಚಿದರು. ಮುಟ್ಟಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡರು.

ಕಾಯಿಲೆಯ ಮಗುವಿನ ಮೇಲೆ ಆಣೆಯಿಡಲು ಹೆದರಿದರೋ, ನನಗೆ ಹೇಳದ್ದು ಇನ್ನೂ ಏನಾದರೂ ಇದೆಯೋ. ಮತ್ತೆ ಕೇಳೋಣವೆಂದರೆ ಅವರ ಕಣ್ಣು ತುಂಬಿತ್ತು. ಕೇಳಿದ್ದರೆ ಅಳುತ್ತಿದ್ದರು. ಕೇಳದೆ ಬಿಟ್ಟು ಈಗ ನಿದ್ದೆ ಬಾರದೆ ನಾನು ಇದನ್ನು ಬರೆಯುತ್ತಾ ಕೂತಿದ್ದೇನೆ.