ಹುಳು ಜ್ವರಕ್ಕೆ ಹೋದ ದಿನ ಪಾಠ

ಮರಳವಾಡಿ

ಮಾರಕ್ಕ, ನಿಮ್ಮ ಪಾದ ಮುಟ್ಟಿ ಬರೆಯುತ್ತಿದ್ದೇನೆ.

ನಿಮ್ಮ ಕಣ್ಣು ಮಂಜಾಗಿದೆ, ಚನ್ನಪಟ್ಟಣದಲ್ಲಿ ಪಕ್ಕದ ಮನೆಯ ಫಿರೋಜಾ ಕಾಗದ ಓದಿ ಹೇಳುತ್ತಾಳೆ ಎಂದು ಕೇಳಿದೆ. ಊರೂರು ತಿರುಗಿ ಹೆಂಗಸರಿಗೆ ಓದು ಕಲಿಸಿದವರಿಗೆ ಹೀಗಾಯಿತಲ್ಲ, ದೇವರ ಮನಸ್ಸು ನನಗೆ ತಿಳಿಯುವುದಿಲ್ಲ. ಫಿರೋಜಾ, ನಿಧಾನವಾಗಿ ಓದವ್ವ. ಅಕ್ಕನಿಗೆ ಬೇಸರವಾಗುವ ಮಾತು ಬರುತ್ತದೆ.

ಅಕ್ಕ, ನನಗೆ ಸಾಕಾಗಿದೆ. ನೀವು ನನ್ನ ಕೈಗೆ ಕೊಟ್ಟ ವಯಸ್ಕರ ಶಿಕ್ಷಣ ಕೇಂದ್ರವನ್ನು ಬಿಟ್ಟುಬಿಡಬೇಕು ಎಂದುಕೊಂಡಿದ್ದೇನೆ. ನಿಮ್ಮನ್ನು ಕೇಳದೆ ಬಿಡಲು ಮನಸ್ಸು ಬರಲಿಲ್ಲ.

ನೀವು ನಮ್ಮೂರಿಗೆ ಬಂದ ಹೊಸದರಲ್ಲಿ ದಿನಾ ಸಂಜೆ ಚಾಪೆ ಹಾಸಿ ಕಾದಿರಿ. ಯಾರೂ ಬರಲಿಲ್ಲ. ರೇಷ್ಮೆಹುಳು ಸಾಕುವ ಮನೆಯಲ್ಲಿ ಹೆಂಗಸಿಗೆ ಸಂಜೆ ಎಲ್ಲಿಯದು? ಕೊನೆಗೆ ನಮ್ಮತ್ತೆ ಹೇಳಿದರು: “ಹುಳ ಜ್ವರಕ್ಕೋದಾಗ ಬಾ ತಾಯಿ. ಆಗ ಅವೂ ತಿನ್ನಾಕಿಲ್ಲ, ನಮ್ಗೂ ಕೈ ಬಿಡುವು.” ಪೊರೆ ಬಿಡುವ ಮುನ್ನ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆಂದು ತಿಳಿದು ನೀವು ನಕ್ಕಿರಿ. ಆಮೇಲೆ ಪಾಠವನ್ನೇ ಜ್ವರಕ್ಕೆ ಹೊಂದಿಸಿಕೊಂಡಿರಿ. ಊರೆಲ್ಲ ಒಟ್ಟಿಗೆ ಮರಿಹುಳು ತರುತ್ತಿದ್ದುದರಿಂದ ಬಿಡುವೂ ಒಟ್ಟಿಗೇ ಸಿಗುತ್ತಿತ್ತು. ನಾನೂ ಹಾಗೇ ನಡೆಸಿಕೊಂಡು ಬಂದೆ.

ಈಚೆಗೆ ಬಂದ ಶಿಕ್ಷಣ ಇಲಾಖೆಯ ಸಾಹೇಬರಿಗೆ ಇದು ಹಿಡಿಸಲಿಲ್ಲ. ಅವರು ಬಂದ ದಿನ ಕೇಂದ್ರಕ್ಕೆ ಬೀಗ. ಹುಳು ಸೊಪ್ಪು ಮೇಯುತ್ತಿದ್ದವು. “ಹುಳಕ್ಕೂ ಓದಿಗೂ ಏನಮ್ಮ ನಂಟು? ದಿನಾ ತೆಗೀರಿ, ಇಲ್ಲಾಂದ್ರೆ ಮುಚ್ಚಿ” ಅಂದರು.

ಮಂಡಿ ನೋವಿನಲ್ಲೂ ದಿನಾ ತೆಗೆದೆ. ಬಂದವಳು ಬೋರಮ್ಮ ಒಬ್ಬಳೇ. ಸೊಪ್ಪು ಹಾಕುವ ಹೊತ್ತು ತಪ್ಪಿ ಅವಳ ಹುಳು ಏರುಪೇರಾದವು. ಒಂದೇ ತಟ್ಟೆಯಲ್ಲಿ ಮಲಗಿದವೂ ಮೇಯುವವೂ ಬೆರಕೆ. ಈ ಸಲ ಗೂಡು ಒಂದೇ ಸಮ ಬರುವುದಿಲ್ಲ. ಅವಳ ಗಂಡ ಚಲುವಯ್ಯ ನಮ್ಮ ಜಗಲಿ ಮುಂದೆ ನಿಂತು, “ಮುನಿರತ್ನಕ್ಕ, ನಿನ್ನ ಅ ಆ ಇ ಈ ತಂದು ತಟ್ಟೆಗಾಕ್ಲಾ? ತಿಂತಾವಾ ಅವು?” ಎಂದ.

ಅವತ್ತೇ ಬೀಗದಕೈ ಕೊಟ್ಟುಬಿಡೋಣವೆಂದು ಪಂಚಾಯಿತಿಗೆ ಹೊರಟೆ. ದಾರಿಯಲ್ಲಿ ಸೊಪ್ಪಿನ ಹೊರೆ ಹೊತ್ತ ಬೋರಮ್ಮ ಎದುರಾದಳು. “ಬುಡೋದಾದ್ರೆ ಬುಡಕ್ಕ, ನೀನೂ ಸವೆದೋಗಿದ್ದೀಯ. ಆದ್ರೆ ನಂಗಿನ್ನ ಒತ್ತಕ್ಷರ ಬಂದಿಲ್ಲ. ಅದೊಸಿ ಮುಗಿಸ್ಬುಟ್ಟು ಬುಡು.”

“ನಿನ್ನ ಗಂಡ ಬೈಯಾಕಿಲ್ವೇನೇ?” ಎಂದೆ.

“ಜ್ವರದ ದಿನ ಬತ್ತೀನಿ, ಮೊದ್ಲಿನಂಗೆ. ಬೈಯೋಕೆ ಅವುನ್ಗೇನ್ ಸಿಕ್ತದೆ? ಸಾಹೇಬ್ರಿಗೆ ದಿನಾ ಬೇಕಾದ್ರೆ ಅವ್ರೇ ಬಂದು ಸೊಪ್ಪಾಕ್ಲಿ.”

ದಾರಿಯಲ್ಲೇ ನಗು ಬಂತು. ಬಹಳ ದಿನವಾಗಿತ್ತು ಅಕ್ಕ, ನಕ್ಕು. ಬೀಗದಕೈ ಕೊಡದೆ ಹಾಗೇ ಮನೆಗೆ ತಿರುಗಿದೆ.

ಕೇಂದ್ರ ಮುಚ್ಚಲು ಅಪ್ಪಣೆ ಕೊಡಿ. ದಿನಾ ತೆಗೆಯುವ ಶಕ್ತಿ ನನಗಿಲ್ಲ, ತೆಗೆದರೆ ಊರಿನ ಹುಳು ಕೆಡುತ್ತವೆ. ಬೋರಮ್ಮನಿಗೆ ಮಾತ್ರ ನಮ್ಮ ಜಗಲಿಯಲ್ಲಿ ಹೇಳಿಕೊಡುತ್ತೇನೆ, ಅವಳ ಒತ್ತಕ್ಷರ ಮುಗಿಯುವವರೆಗೆ. ಮೊನ್ನೆ ಮಂಗಳವಾರ ಕಬ್ಬಾಳಿಗೆ, ಅಮ್ಮನ ಗುಡಿಗೆ ಹೋಗಿದ್ದೆ. ಅವಳು ಬೇಗ ಕಲಿಯಲಿ ಎಂದು ಬೇಡಲೋ, ನಿಧಾನವಾಗಿ ಕಲಿಯಲಿ ಎಂದು ಬೇಡಲೋ ತಿಳಿಯದೆ, ಅಮ್ಮನ ಮುಂದೆ ಸುಮ್ಮನೆ ಕೈಮುಗಿದು ನಿಂತು ಬಂದೆ.

ಕಬ್ಬಾಳಮ್ಮ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ ತಂಗಿ,
ಮುನಿರತ್ನಮ್ಮ